ಮಾರಿ ಕಟ್ಟೂದು

ಮದಲ ದಸ್ತಿ ನೀರಾಗ ಎದ್ದಬೇಕು, ಹಿಂಡಬೇಕು,
ಪೂರಾ ಅಲ್ಲ, ಹನಿ ಬೀಳದಷ್ಟು.
ಎರಡು ಮಡಿಕಿ ಮೂಗಿನ ಮ್ಯಾಲ,
ಒಂದು ಸುತ್ತು ಕಿವಿ ಮುಚ್ಚಿ,
ಗಂಟು ಹಿಂದ, ತುರುಬಿನ ಕೆಳಗ.
ಗಂಟು ಮುಂದ ಬಂತಂದ್ರ
ಬೆಲ್ಟು ಹಿಡಕೊಂಡು ಎಳೀತದ, ಹುಷಾರ್.
ಮದಲ ದಿನ ಅಂಬವ್ವ ನನಗ ಹೇಳಿದ್ದು ಇಷ್ಟೇ.
ಉಳಿದದ್ದು ಹೊಟ್ಟು ಕಲಿಸ್ತು.

ನಂದೂರಿನ ದಾಲ್‌ಮಿಲ್ಲು. ತೊಗರಿ
ಸಿಪ್ಪಿ ಬಿಡೋ ಹೊತ್ತಿಗೆ ಛತ್ತಿನ ತನಕ ಕೆಂಪು ಧೂಳು,
ಟ್ಯೂಬ್‌ಲೈಟಿನ ಬೆಳಕು ಕರೀ ಚಾದ ಬಣ್ಣ.
ಇಪ್ಪತ್ತೆರಡು ಹೆಣ್ಣಾಳು, ನಲವತ್ನಾಕು ಕಣ್ಣು.
ಮುಕಾದಮ ಮಾಪಣ್ಣಗ ಹೆಸರು ಬೇಕಿಲ್ಲ,
ಕೊಳ್ಳಾಗಿನ ಪಿತ್ತಳಿ ಬಿಲ್ಲೆ ಸಾಕು:
"ಹದಿನೇಳು ಯಾರು? ಕೈ ಎತ್ತು."
ಹದಿನೇಳು ನಾನು.

ಒಮ್ಮಿ ಸಾಹೇಬರು ಬರೂ ದಿನ
ಹಸರ ಕಾಗದದಂಥಾ ಮಾಸ್ಕು ಹಂಚಿದ್ರು.
ನಕ್ಕೋತ ಹಾಕ್ಕೊಂಡೆವು,
ಫೋಟೋದಾಗ ನಗಿ ಬರಲಿಲ್ಲ.
ಜೀಪು ಹುಮನಾಬಾದ್ ರೋಡಿಗೆ ಹೊಳ್ಳಿದ ಮ್ಯಾಲ
ಮಾಪಣ್ಣ ಬುಟ್ಟಿ ಹಿಡಕೊಂಡು ಬಂದ:
"ವಾಪಸ್ ಹಾಕ್ರಿ, ಮುಂದಿನ ಸಲಕ್ಕೂ ಬೇಕಾಗ್ತಾವ."
ಜಗದೇವಿ ಒಬ್ಬಾಕಿ ಕೊಡಲಿಲ್ಲ.
"ನನ್ನ ಉಸುರು ಹತ್ಯಾದ ಇದಕ್ಕ,
ಇನ್ನೊಬ್ಬಾಕಿಗಿ ಹ್ಯಾಂಗ ಹಾಕ್ತೀರಿ?"
ಮರುದಿನ ಅವಳ ಬಿಲ್ಲೆ ಮೇಜಿನ ಮ್ಯಾಲ,
ಅವಳು ಗೇಟಿನ ಹೊರಗ.

ಆ ವಾರವೇ ಖಾತೂನಬಿ
ಬಾಣಂತನಕ್ಕ ಚಿತ್ತಾಪುರಕ್ಕ ಹೋದಳು.
ಸೋಮವಾರ ಒಂಬತ್ತನೇ ನಂಬರು
ಎಂದಿನಂಗ ಕೆಲಸಕ್ಕ ಬಂತು,
ಏನಿಲ್ಲಂದ್ರೂ ಗೇಣು ಎತ್ತರ ಬೆಳದು.
"ಬಗ್ಗಿ ನಡಿಯೇ," ಅಂದಳು ಅಂಬವ್ವ.
ಪಗಾರದಾಗ ಅರ್ಧ ಅಕಿಗಿ, ಅರ್ಧ ಇಕಿಗಿ.

ಸೂಪರ್ ಮಾರ್ಕೆಟಿನಾಗ ಕಾಲೇಜು ಹುಡಗ್ಯಾರು
ಸ್ಕೂಟಿ ಮ್ಯಾಲ ಕಣ್ಣಷ್ಟೇ ಬಿಟ್ಟು ಸುತ್ತಿರತಾರ.
ಬಿಸಲಿಗೆ ಅಂತಾರ. ಖರೇನೂ ಹೌದು,
ಮೇ ತಿಂಗಳಾಗ ಇಲ್ಲಿ ಹಂಚಿಲ್ಲದೇ ರೊಟ್ಟಿ ಬೇಯ್ತಾವ.
ಆದ್ರ ಹಿಂದ ಕುಂತ ಹುಡುಗ ಯಾಕ ಸುತ್ಯಾನ ಅಂತ
ಚಾದಂಗಡ್ಯಾಗ ಯಾರೂ ಕೇಳಂಗಿಲ್ಲ.
ಕೇಳಬಾರದು.
ದಸ್ತಿಗೂ ಒಂದು ಮರ್ಯಾದಿ ಅದಾ.

ಹನ್ನೊಂದು ದಿನ ನಡೀತು.
ಹನ್ನೆರಡನೇ ದಿನ ಕರೆಂಟು ಹೋಗಿ
ಮಿಲ್ಲು ಗಪ್ಪಾದಾಗ ಅಕಿಗಿ ಕೆಮ್ಮು ಬಂತು.
ಹಳೇ ಕೆಮ್ಮು: ಎರಡು ಸಣ್ಣು, ಒಂದು ದೊಡ್ಡದು,
ಕಡೀಕ ಬಾಗಲಾ ಕಿರುಗುಟ್ಟಿದಂಗ ಒಂದು ಶಿಳ್ಳಿ.
ಮಾಪಣ್ಣ ನಿಂತ. ನಾಕು ವರ್ಷ ಕೇಳ್ಯಾನ ಅದನ್ನ.
ಮಾರಿಗಿ ಅರಿವಿ ಕಟ್ಟಬಹುದು,
ಎದಿಗಿ ಎಲ್ಲಿ ಕಟ್ತೀ?
"ಒಂಬತ್ತು," ಅಂದ, "ದಸ್ತಿ ಬಿಚ್ಚು."

ಆಗ ಅಂಬವ್ವ ಕೆಮ್ಮಿದಳು.
ಎರಡು ಸಣ್ಣು, ಒಂದು ದೊಡ್ಡದು.
ಚೀಲ ಹೊಲಿಯೋ ಸೋನಾಬಾಯಿ ಕೆಮ್ಮಿದಳು,
ಜರಡಿ ಕಡಿ ಇಬ್ಬರು, ಆಮ್ಯಾಲ ನಾನು.
ಮದಲ ಸುಳ್ಳು ಕೆಮ್ಮು, ನಗಿ ನುಂಗಿಕೋತ.
ಒಳಗಿಂದ ಏನೋ ಎದ್ದು
ಖರೇ ಕೆಮ್ಮು ಬಂತು. ನಿಲ್ಲಲೊಲ್ಲದು.
ಗ್ವಾಡಿ ಹಿಡದು ಕೆಮ್ಮಿದೆವು, ಚೀಲದ ಮ್ಯಾಲ ಬಿದ್ದು ಕೆಮ್ಮಿದೆವು.
ಮಾಪಣ್ಣ ಒಬ್ಬೊಬ್ಬರ ಕಣ್ಣು ನೋಡ್ದ.
ಎಲ್ಲಾ ಕಣ್ಣಾಗೂ ನೀರು.
ಏನೋ ಅನ್ಲಾಕ ಬಾಯಿ ತೆಗದ,
ಅವನೂ ಕೆಮ್ಮಿದ.
ಅವಂದು ಬ್ಯಾರೆ ಥರ, ಒಣಾ, ಉದ್ದಂದು.
ಇಷ್ಟು ವರ್ಷದಾಗ ನಾವದನ್ನ ಕೇಳಿರಲಿಲ್ಲ.

ಹೆಗಲ ಮ್ಯಾಲಿನ ಟವೆಲ್ ತಗದು
ಗಡಿಬಿಡೀಲೆ ಮಾರಿಗಿ ಸುತ್ತಿಕೊಂಡ,
ಗಂಟು ಮುಂದ, ಗದ್ದದ ಕೆಳಗ.

"ಹಿಂದ ಕಟ್ರಿ," ಅಂತು ಒಂಬತ್ತನೇ ನಂಬರು,
ಜಗದೇವಿ ದನೀಲೇ,
"ಕರೆಂಟು ಬರೂ ಹೊತ್ತಾತು. ಬೆಲ್ಟು ಎಳೀತದ."

ಅವ ಹಿಂದ ಕಟ್ಟಿದ.
ಪುಸ್ತಕ ತಗದು ಹಾಜರಿ ಹಾಕ್ದ,
ಯಾವ ಹೆಸರಿಗೆ ಅಂತ ನಾ ನೋಡಲಿಲ್ಲ.

ಸಂಜಿಕ ನಳದ ಕೆಳಗ ದಸ್ತಿ ಒಗದೆ.
ಮೂರು ನೀರಿಗೂ ಕೆಂಪು ಹೋಗಲಿಲ್ಲ.
ನಾಕನೇ ಬಕೀಟು ಅರ್ಧ ತುಂಬಿತ್ತು,
ನಳ ಹೋತು.